ತಂಗಿಯ ಸಿಎ-125 ಪರೀಕ್ಷೆಯಲ್ಲಿ 86 ಬಂದಿದೆ: ಇದನ್ನು ಹೇಗೆ ಓದಬೇಕು?

ಪ್ರಶ್ನೆ

ನನ್ನ ತಂಗಿಗೆ ಈಗ 38 ವರ್ಷ. ಕೆಲವು ವರ್ಷಗಳಿಂದ ಮುಟ್ಟಿನ ದಿನಗಳಲ್ಲಿ ಅವಳಿಗೆ ವಿಪರೀತ ಹೊಟ್ಟೆನೋವು ಬರುತ್ತಿತ್ತು. ಈಚೆಗೆ ಆ ನೋವು ಮುಟ್ಟು ಮುಗಿದ ಮೇಲೂ ಉಳಿಯತೊಡಗಿದ್ದರಿಂದ ಸ್ತ್ರೀರೋಗ ತಜ್ಞರಿಗೆ ತೋರಿಸಿದೆವು. ಸ್ಕ್ಯಾನ್‌ನಲ್ಲಿ ಎಡ ಅಂಡಾಶಯದಲ್ಲಿ ಸುಮಾರು 5 ಸೆಂಟಿಮೀಟರ್ ಗಾತ್ರದ ಸಿಸ್ಟ್ ಕಂಡುಬಂದಿತು. ವೈದ್ಯರು ಸಿಎ-125 ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿ ಪ್ರತಿ ಮಿಲಿಲೀಟರ್‌ಗೆ 86 ಯೂನಿಟ್ ಎಂದಿದೆ, ಅದರ ಮುಂದೆ 35ಕ್ಕಿಂತ ಕಡಿಮೆ ಇರಬೇಕು ಎಂದು ಅಚ್ಚಾಗಿದೆ, ಫಲಿತಾಂಶವನ್ನು ದಪ್ಪ ಅಕ್ಷರದಲ್ಲಿ ‘ಹೆಚ್ಚು’ ಎಂದು ಗುರುತಿಸಲಾಗಿದೆ. ಇದು ಅಂಡಾಶಯದ ಕ್ಯಾನ್ಸರ್‌ಗೆ ಮಾಡುವ ಪರೀಕ್ಷೆ ಎಂದು ಗೊತ್ತಾದಾಗಿನಿಂದ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ವೈದ್ಯರನ್ನು ಮತ್ತೆ ಕಾಣುವುದು ಮುಂದಿನ ವಾರ.

ಸಾಮಾನ್ಯ ಮಟ್ಟದ ಎರಡು ಪಟ್ಟಿಗಿಂತ ಹೆಚ್ಚಿರುವುದರಿಂದ ಇದು ಕ್ಯಾನ್ಸರ್ ಎಂದೇ ಅರ್ಥವೇ? ಹಾಗಿದ್ದರೆ ವೈದ್ಯರು ಕೂಡಲೇ ಕರೆಸಿಕೊಳ್ಳಬೇಕಿತ್ತಲ್ಲವೇ? ಇನ್ನೊಂದು ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದೇ? ರಕ್ತ ಕೊಟ್ಟ ದಿನ ಅವಳಿಗೆ ಮುಟ್ಟಿನ ಎರಡನೆಯ ದಿನವಾಗಿತ್ತು. ಅದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ತಿಳಿಯದು. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಪ್ರಯೋಗಾಲಯದ ವೈದ್ಯೆ)

ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ತಂಗಿಯನ್ನು ನೋಡದೆ, ಸ್ಕ್ಯಾನ್ ವರದಿಯನ್ನು ಓದದೆ, ರೋಗ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳುವುದು ನನ್ನಿಂದ ಆಗದು. ಆದರೆ ಆ 86 ಎಂಬ ಸಂಖ್ಯೆ ದೇಹದ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ, ನಿಮ್ಮ ವೈದ್ಯರು ಗಾಬರಿಯಿಂದ ಕರೆಸಿಕೊಳ್ಳದೆ ಇದ್ದುದಕ್ಕೆ ಕಾರಣವೂ ತಿಳಿಯುತ್ತದೆ ಎಂದುಕೊಂಡು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಸಿಎ-125 ಎಂಬುದು ಕ್ಯಾನ್ಸರ್ ಕೋಶಗಳು ಮಾತ್ರ ತಯಾರಿಸುವ ವಸ್ತುವಲ್ಲ. ಅದು ಎಂಯುಸಿ16 ಎಂಬ ಬಹಳ ದೊಡ್ಡ ಪ್ರೋಟೀನಿನ ಭಾಗ. ಹೊಟ್ಟೆಯ ಒಳಪೊರೆ, ಶ್ವಾಸಕೋಶ ಮತ್ತು ಹೃದಯದ ಸುತ್ತಲಿನ ಪೊರೆಗಳು, ಗರ್ಭನಾಳ, ಗರ್ಭಕೋಶದ ಒಳಪದರ ಇವೆಲ್ಲವೂ ಆರೋಗ್ಯವಂತರಲ್ಲಿಯೂ ಅದನ್ನು ಸ್ವಲ್ಪ ಸ್ವಲ್ಪ ತಯಾರಿಸುತ್ತಲೇ ಇರುತ್ತವೆ. ಈ ಪೊರೆಗಳಲ್ಲಿ ಎಲ್ಲಿ ಉರಿಯೂತವಾದರೂ, ಎಲ್ಲಿ ನೀರು ತುಂಬಿಕೊಂಡು ಅವು ಹಿಗ್ಗಿದರೂ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆದ್ದರಿಂದ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ತೊಂದರೆ), ಗರ್ಭಕೋಶದ ಫೈಬ್ರಾಯ್ಡ್, ಕಿಬ್ಬೊಟ್ಟೆಯ ಸೋಂಕು, ಗರ್ಭಧಾರಣೆಯ ಮೊದಲ ತಿಂಗಳುಗಳು, ಲಿವರ್ ಸಿರೋಸಿಸ್, ಹೃದಯ ವೈಫಲ್ಯ, ಈಚೆಗೆ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದರಿಂದಲೂ ಅದು 35ನ್ನು ದಾಟಬಹುದು. ಹೊಟ್ಟೆಯ ಒಳಪೊರೆಗೆ ಕ್ಷಯರೋಗ ತಗುಲಿದಾಗಲಂತೂ ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ನೂರಾರು ಯೂನಿಟ್‌ಗೆ ಏರಿ, ಮುಂದುವರಿದ ಅಂಡಾಶಯದ ಕ್ಯಾನ್ಸರ್‌ನಂತೆಯೇ ಕಾಣುವುದುಂಟು. ಕ್ಷಯಕ್ಕೆ ಮಾತ್ರೆಗಳಿಂದಲೇ ಚಿಕಿತ್ಸೆ ಕೊಡಬಹುದಾದ್ದರಿಂದ, ಬಯಾಪ್ಸಿ ಮಾಡಿ ಖಚಿತಪಡಿಸಿಕೊಳ್ಳದೆ ದೊಡ್ಡ ಶಸ್ತ್ರಚಿಕಿತ್ಸೆಗೆ ಇಳಿಯಬಾರದು ಎಂಬ ಎಚ್ಚರ ಇದೇ ಕಾರಣಕ್ಕೆ ಬಂದಿದೆ.

ನೀವು ಕೇಳಿದ ಮುಟ್ಟಿನ ವಿಷಯ ಖಂಡಿತವಾಗಿ ಲೆಕ್ಕಕ್ಕೆ ಬರುತ್ತದೆ. ಮುಟ್ಟಿನ ದಿನಗಳಲ್ಲಿ ಸಿಎ-125 ಸಹಜವಾಗಿಯೇ ಏರುತ್ತದೆ, ಎಂಡೋಮೆಟ್ರಿಯೋಸಿಸ್ ಇರುವವರಲ್ಲಿ ಆ ಏರಿಕೆ ಇನ್ನೂ ಹೆಚ್ಚು. ರಕ್ತವನ್ನು ಮುಟ್ಟಿನ ಎರಡನೆಯ ದಿನ ತೆಗೆದದ್ದು ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಇನ್ನು ಆ 35 ಎಂಬ ಗಡಿ. 1981ರಲ್ಲಿ ರಾಬರ್ಟ್ ಬ್ಯಾಸ್ಟ್ ಮತ್ತು ಅವರ ಸಹೋದ್ಯೋಗಿಗಳು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಓಸಿ125 ಎಂಬ ಪ್ರತಿಕಾಯವನ್ನು ವರದಿ ಮಾಡಿದರು. 1983ರಲ್ಲಿ ಅದನ್ನು ಬಳಸಿ ರಕ್ತದಲ್ಲಿನ ಮಟ್ಟವನ್ನು ಅಳೆಯುವ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದವು. ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿದಾಗ ಸುಮಾರು ನೂರಕ್ಕೆ ಒಬ್ಬರಲ್ಲಿ ಮಾತ್ರ 35ಕ್ಕಿಂತ ಹೆಚ್ಚು ಇದ್ದುದರಿಂದ ಅದನ್ನೇ ಗಡಿಯಾಗಿ ಇಟ್ಟುಕೊಳ್ಳಲಾಯಿತು. ಇಲ್ಲಿ ಗಮನಿಸಬೇಕಾದದ್ದು, ಆ ಪರೀಕ್ಷೆ ಹುಟ್ಟಿದ್ದೇ ಕ್ಯಾನ್ಸರ್ ಇದೆ ಎಂದು ಮೊದಲೇ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ನೋಡಲು. ರೋಗವನ್ನು ಮೊದಲ ಬಾರಿಗೆ ಪತ್ತೆಮಾಡುವ ಹೊಣೆಯನ್ನು ಅದರ ಮೇಲೆ ಆಮೇಲೆ ಹೊರಿಸಲಾಯಿತು, ಆ ಕೆಲಸದಲ್ಲಿ ಅದು ಅಷ್ಟು ಸಮರ್ಥವಲ್ಲ. ವರದಿಯಲ್ಲಿ ‘ಹೆಚ್ಚು’ ಎಂಬ ಗುರುತನ್ನು ಹಾಕುವುದು ಯಂತ್ರ. ಎದುರಿಗಿರುವ ವ್ಯಕ್ತಿಗೆ 38 ವರ್ಷವೋ 68 ವರ್ಷವೋ, ಅವಳಿಗೆ ಮುಟ್ಟು ನಡೆಯುತ್ತಿದೆಯೋ ನಿಂತಿದೆಯೋ ಎಂಬುದನ್ನು ಆ ಗುರುತು ಪರಿಗಣಿಸುವುದೇ ಇಲ್ಲ.

ವೈದ್ಯರಾದರೋ ಅದನ್ನೇ ಮೊದಲು ಪರಿಗಣಿಸುತ್ತಾರೆ. ಅವರು ಹೇಗೆ ಯೋಚಿಸುತ್ತಾರೆ ಎಂಬುದನ್ನು ತೋರಿಸಲು 1990ರಿಂದ ಬಳಕೆಯಲ್ಲಿರುವ, ಅಪಾಯ ಸೂಚ್ಯಂಕ ಎನ್ನಬಹುದಾದ ಒಂದು ಲೆಕ್ಕವನ್ನು ಹೇಳುತ್ತೇನೆ. ಅದರಲ್ಲಿ ಮೂರು ಸಂಖ್ಯೆಗಳನ್ನು ಗುಣಿಸುತ್ತಾರೆ: ಸಿಎ-125ರ ಮಟ್ಟ, ಮುಟ್ಟಿನ ಸ್ಥಿತಿ, ಸ್ಕ್ಯಾನ್‌ನ ಅಂಕ. ಮುಟ್ಟು ನಡೆಯುತ್ತಿದ್ದರೆ 1, ನಿಂತಿದ್ದರೆ 3. ಸ್ಕ್ಯಾನ್‌ನಲ್ಲಿ ಐದು ಲಕ್ಷಣಗಳನ್ನು ಹುಡುಕುತ್ತಾರೆ, ಅಂದರೆ ಗಡ್ಡೆಯೊಳಗೆ ಹಲವು ಕೋಣೆಗಳಿವೆಯೇ, ಗಟ್ಟಿಯಾದ ಭಾಗಗಳಿವೆಯೇ, ಎರಡೂ ಅಂಡಾಶಯಗಳಲ್ಲಿದೆಯೇ, ಹೊಟ್ಟೆಯಲ್ಲಿ ನೀರು ಸೇರಿದೆಯೇ, ಬೇರೆಡೆಗೆ ಹರಡಿದ ಗುರುತು ಇದೆಯೇ ಎಂದು ನೋಡುತ್ತಾರೆ. ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚು ಇದ್ದರೆ 3. ಗುಣಲಬ್ಧ 200ನ್ನು ದಾಟಿದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಪರಿಣತರಾದವರ ಬಳಿಗೆ ಕಳುಹಿಸುವುದು ರೂಢಿ. ಕೆಲವೆಡೆ ಈ ಗಡಿಯನ್ನು 250 ಎಂದು ಇಟ್ಟುಕೊಂಡಿದ್ದಾರೆ.

ಈಗ ನಿಮ್ಮ ತಂಗಿಯ 86ನ್ನು ಇದರಲ್ಲಿ ಇಟ್ಟು ನೋಡಿ. ಮುಟ್ಟು ನಡೆಯುತ್ತಿದೆ, ಸ್ಕ್ಯಾನ್‌ನಲ್ಲಿ ಒಂದು ಲಕ್ಷಣ ಇದೆ ಎಂದುಕೊಂಡರೂ 86ನ್ನು 1ರಿಂದ, ಮತ್ತೆ 1ರಿಂದ ಗುಣಿಸಿದರೆ ಬರುವುದು 86 ಮಾತ್ರ. ಅದೇ 86 ಎಂಬ ಮಟ್ಟ ಮುಟ್ಟು ನಿಂತ 62 ವರ್ಷದವರೊಬ್ಬರಲ್ಲಿ ಬಂದಿದ್ದು, ಅವರ ಗಡ್ಡೆಯಲ್ಲಿ ಗಟ್ಟಿ ಭಾಗಗಳೂ ಹೊಟ್ಟೆಯಲ್ಲಿ ನೀರೂ ಇದ್ದಿದ್ದರೆ, 86ನ್ನು 3ರಿಂದ, ಮತ್ತೆ 3ರಿಂದ ಗುಣಿಸಬೇಕಾಗಿ 774 ಆಗುತ್ತಿತ್ತು. ರಕ್ತದಲ್ಲಿನ ಮಟ್ಟ ಎರಡು ಕಡೆಯೂ ಒಂದೇ. ಒಬ್ಬರಿಗೆ ಮುಂದಿನ ವಾರದ ಭೇಟಿ ಸಾಕು, ಇನ್ನೊಬ್ಬರನ್ನು ತಡಮಾಡದೆ ಕಳುಹಿಸಬೇಕು. ಈ ಲೆಕ್ಕಕ್ಕೂ ಮಿತಿಗಳಿವೆ, ಅದು ರೋಗನಿರ್ಣಯವಲ್ಲ. ಅನುಭವಿ ತಜ್ಞರು ಶ್ರದ್ಧೆಯಿಂದ ಮಾಡಿದ ಒಳ್ಳೆಯ ಸ್ಕ್ಯಾನ್, ವಿಶೇಷವಾಗಿ ಯೋನಿಮಾರ್ಗದ ಸ್ಕ್ಯಾನ್, ಈ ರಕ್ತಪರೀಕ್ಷೆಗಿಂತ ಹೆಚ್ಚಿನದನ್ನು ಹೇಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ರಕ್ತದ ವರದಿಯನ್ನು ಪಕ್ಕಕ್ಕಿಟ್ಟು ಸ್ಕ್ಯಾನ್ ವರದಿಯನ್ನು ಮತ್ತೊಮ್ಮೆ ಓದಿ, ಅದರಲ್ಲಿ ಏನೆಂದು ಬರೆದಿದ್ದಾರೆ ಎಂದು ಇಲ್ಲಿ ತಿಳಿಸಿದರೆ ಇನ್ನಷ್ಟು ಹೇಳಬಹುದು.

ಮತ್ತೆ ಪರೀಕ್ಷೆ ಮಾಡಿಸುವ ಬಗ್ಗೆ: ವೈದ್ಯರು ಬೇಕೆಂದರೆ ಮುಟ್ಟು ಮುಗಿದ ಮೇಲೆ ಮಾಡಿಸಿ, ಆದರೆ ಮೊದಲ ಪ್ರಯೋಗಾಲಯದಲ್ಲಿಯೇ ಮಾಡಿಸಿ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಬೇರೆ ಬೇರೆ ಪ್ರತಿಕಾಯಗಳನ್ನು ಬಳಸುವುದರಿಂದ ಒಂದೇ ರಕ್ತಕ್ಕೆ ಎರಡು ಕಡೆ ಎರಡು ಸಂಖ್ಯೆ ಬರಬಹುದು, ಆಗ ನಿಜವಾಗಿ ಏರಿತೋ ಇಳಿಯಿತೋ ತಿಳಿಯುವುದಿಲ್ಲ. ಇದಕ್ಕೆ ಉಪವಾಸ ಇರಬೇಕಾಗಿಲ್ಲ. ಕೂದಲಿಗೆ, ಉಗುರಿಗೆ ಎಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಗಳು ಕೆಲವು ಯಂತ್ರಗಳ ಅಳತೆಯನ್ನು ಕೆಡಿಸುತ್ತವೆ. ಅಂಥವನ್ನು ಸೇವಿಸುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಬೇಕು.

ಉತ್ತರ 2 (ಅಮ್ಮನನ್ನು ನೋಡಿಕೊಂಡವರು)

ಮೇಲಿನ ಉತ್ತರದಿಂದ ಸಮಾಧಾನ ಸಿಗುವುದು ಸಹಜ, ಸಿಗಲಿ ಎಂದೇ ನಾನೂ ಬಯಸುತ್ತೇನೆ. ಆದರೆ ಈ ಪುಟವನ್ನು ಮುಂದೆ ಓದುವ ಇತರರಿಗಾಗಿ ಇದರ ಇನ್ನೊಂದು ಮಗ್ಗುಲನ್ನೂ ಬರೆಯಬೇಕಾಗಿದೆ. ನನ್ನ ಅಮ್ಮನಿಗೆ ಹೊಟ್ಟೆ ಉಬ್ಬರ ತಿಂಗಳುಗಟ್ಟಲೆ ಇತ್ತು, ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಆಗ ಮಾಡಿಸಿದ ಸಿಎ-125 ಕೇವಲ 24 ಬಂದಿತ್ತು. ಸಂಖ್ಯೆ ಸರಿಯಾಗಿದೆ ಎಂದು ಅಲ್ಲಿಗೆ ನಿಲ್ಲಿಸದೆ ಸ್ಕ್ಯಾನ್ ಮಾಡಿಸಲೇಬೇಕು ಎಂದು ಒತ್ತಾಯಿಸಿದವರು ಅವರ ವೈದ್ಯರು. ದೊಡ್ಡ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯ ಬಳಿಕ ಅದು ಮ್ಯೂಸಿನಸ್ ಎಂಬ ಬಗೆಯ ಅಂಡಾಶಯದ ಕ್ಯಾನ್ಸರ್ ಎಂದು ವರದಿ ಬಂದಿತು. ಈ ಬಗೆಯಲ್ಲಿ ಸಿಎ-125 ಏರದಿರುವುದು ಅಪರೂಪವಲ್ಲ ಎಂದು ಆಗಲೇ ನಮಗೆ ತಿಳಿದದ್ದು. ಮುಂದುವರಿದ ಹಂತದಲ್ಲಿರುವ ನೂರು ಮಂದಿಯಲ್ಲಿ ಸುಮಾರು ಎಂಬತ್ತು ಮಂದಿಗೆ ಅದು ಏರಿರುತ್ತದೆ, ಮೊದಲ ಹಂತದಲ್ಲಿಯೇ ಇರುವವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಎಂದು ವೈದ್ಯರು ನಮಗೆ ವಿವರಿಸಿದರು.

ಆದ್ದರಿಂದ 50 ದಾಟಿದ ಯಾರಿಗಾದರೂ ಹೊಟ್ಟೆ ಉಬ್ಬರ, ಬೇಗನೆ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ಹೊಸದಾಗಿ ಶುರುವಾಗಿ ತಿಂಗಳಲ್ಲಿ 12 ಸಲಕ್ಕಿಂತ ಹೆಚ್ಚು ಕಾಡುತ್ತಿದ್ದರೆ, ರಕ್ತಪರೀಕ್ಷೆ ಸರಿಯಾಗಿ ಬಂದಿತು ಎಂದು ಸುಮ್ಮನಾಗಬೇಡಿ. ಗ್ಯಾಸ್ಟ್ರಿಕ್ ಎಂದು ತಮಗೆ ತಾವೇ ಹೇಳಿಕೊಂಡು ಮಾತ್ರೆ ನುಂಗುತ್ತಾ ಕಾಲ ಕಳೆಯುವವರು ಬಹಳ ಮಂದಿ ಇದ್ದಾರೆ.

ಉತ್ತರ 3 (ಚಿಕಿತ್ಸೆ ಪಡೆದವರು)

ನಾನು ಅಂಡಾಶಯದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿ ಈಗ ತಪಾಸಣೆಯಲ್ಲಿ ಇರುವವಳು. ನಿಮ್ಮ ತಂಗಿಗೆ ಇದರ ಅಗತ್ಯ ಬಾರದಿರಲಿ. ಆದರೂ ಈ ಪರೀಕ್ಷೆ ಯಾವುದಕ್ಕಾಗಿ ಹುಟ್ಟಿತು ಎಂದು ಪ್ರಯೋಗಾಲಯದ ವೈದ್ಯೆಯವರು ಹೇಳಿದರಲ್ಲ, ಆ ಬಳಕೆಯನ್ನು ನಾನು ನನ್ನ ದೇಹದಲ್ಲಿಯೇ ಕಂಡಿದ್ದೇನೆ. ಚಿಕಿತ್ಸೆಗೆ ಮೊದಲು ನನ್ನ ಮಟ್ಟ ಸಾವಿರವನ್ನು ದಾಟಿತ್ತು. ಪ್ರತಿ ಕೀಮೋಗೆ ಮುಂಚೆ ರಕ್ತ ತೆಗೆಯುತ್ತಿದ್ದರು. ಮಟ್ಟ ಅರ್ಧಕ್ಕಿಂತ ಕೆಳಗೆ ಇಳಿದು ಕನಿಷ್ಠ 28 ದಿನ ಹಾಗೆಯೇ ಉಳಿದರೆ ಔಷಧ ಕೆಲಸ ಮಾಡುತ್ತಿದೆ ಎಂದು ಅದನ್ನು ಎಣಿಸುತ್ತಾರೆ ಎಂದು ನನ್ನ ಆಂಕಾಲಜಿಸ್ಟ್ ವಿವರಿಸಿದರು. ಒಂದು ದಿನದ ಸಂಖ್ಯೆಗಿಂತ ಅದು ಎಷ್ಟು ವೇಗವಾಗಿ ಇಳಿಯುತ್ತಿದೆ ಎಂಬುದು ಮುಖ್ಯ. ಶಸ್ತ್ರಚಿಕಿತ್ಸೆಯಾದ ಕೂಡಲೇ ತೆಗೆದ ರಕ್ತದಲ್ಲಿ ಮಟ್ಟ ಏರಿದ್ದರೆ ಹೆದರಬಾರದು, ಏಕೆಂದರೆ ಹೊಟ್ಟೆಯ ಪೊರೆಗೆ ಆದ ಗಾಯವೇ ಅದನ್ನು ಏರಿಸುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಒಂದು ಪ್ರಶ್ನೆ ಎದುರಾಯಿತು: ಯಾವ ತೊಂದರೆಯೂ ಇಲ್ಲದಿದ್ದರೂ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಲೇ ಇರಬೇಕೇ? ಇದಕ್ಕೆ ಸಂಬಂಧಿಸಿದ ಒಂದು ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ರೋಗ ಸಂಪೂರ್ಣ ಹತೋಟಿಗೆ ಬಂದು, ಬಳಿಕ ಸಿಎ-125 ಸಾಮಾನ್ಯ ಮಟ್ಟದ ಎರಡು ಪಟ್ಟನ್ನು ದಾಟಿದ 529 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಕೀಮೋ ಆರಂಭಿಸಿದರು, ಇನ್ನೊಂದು ಗುಂಪಿಗೆ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆರಂಭಿಸಿದರು. ಮೊದಲ ಗುಂಪಿಗೆ ಕೀಮೋ ಕೆಲವು ತಿಂಗಳು ಮುಂಚಿತವಾಗಿ ಸಿಕ್ಕಿದರೂ ಎರಡೂ ಗುಂಪಿನವರ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬದಲಾಗಿ ಬೇಗ ಚಿಕಿತ್ಸೆ ಪಡೆದವರ ಜೀವನದ ಗುಣಮಟ್ಟ ಬೇಗನೆ ಕುಸಿಯಿತು. ಆಮೇಲೆ ಹೊಸ ಔಷಧಗಳು ಬಂದಿವೆ, ಮರುಕಳಿಸಿದ ರೋಗಕ್ಕೆ ಎರಡನೆಯ ಶಸ್ತ್ರಚಿಕಿತ್ಸೆಯಿಂದ ಕೆಲವರಿಗೆ ಅನುಕೂಲವಾಗುವುದೂ ತಿಳಿದಿದೆ, ಆದ್ದರಿಂದ ಇಂದಿಗೂ ವೈದ್ಯರು ಇದರ ಬಗ್ಗೆ ಒಂದೇ ಮಾತನ್ನು ಹೇಳುವುದಿಲ್ಲ. ನನ್ನ ವೈದ್ಯರು ಎರಡೂ ದಾರಿಗಳನ್ನು ನನ್ನ ಮುಂದಿಟ್ಟು ಆಯ್ಕೆಯನ್ನು ನನಗೇ ಬಿಟ್ಟರು. ನಾನು ಪರೀಕ್ಷೆ ಮಾಡಿಸುತ್ತೇನೆ, ಆದರೆ ಅವರು ಹೇಳಿದ ಅಂತರದಲ್ಲಿ ಮಾತ್ರ. ನಡುನಡುವೆ ನಾನಾಗಿಯೇ ಮಾಡಿಸಿದರೆ 9 ಇದ್ದದ್ದು 13 ಆಯಿತೆಂದು ಇಡೀ ರಾತ್ರಿ ನಿದ್ದೆ ಇರುವುದಿಲ್ಲ, ಸಾಮಾನ್ಯ ಮಿತಿಯೊಳಗಿನ ಅಂತಹ ಸಣ್ಣ ಏರಿಳಿತಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥವೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ವಂದನೆಗಳು. ಸ್ಕ್ಯಾನ್ ವರದಿಯನ್ನು ಮತ್ತೆ ಓದಿದೆ. ಒಂದೇ ಕೋಣೆಯ ಸಿಸ್ಟ್, ಒಳಗೆ ಮಸುಕು ಗಾಜಿನಂತೆ ಕಾಣುವ ದ್ರವ, ಗಟ್ಟಿ ಭಾಗಗಳಿಲ್ಲ, ಒಳಗೆ ರಕ್ತಸಂಚಾರವಿಲ್ಲ, ಬಲ ಅಂಡಾಶಯ ಸರಿಯಾಗಿದೆ, ಹೊಟ್ಟೆಯಲ್ಲಿ ನೀರಿಲ್ಲ ಎಂದು ಬರೆದಿದ್ದಾರೆ. ಇನ್ನೂ ಎರಡು ಮಾತು ಕೇಳಬೇಕಾಗಿದೆ. ಇದು ಏನೆಂದು ಖಚಿತವಾಗಲು ಸೂಜಿ ಹಾಕಿ ದ್ರವ ತೆಗೆದು ಪರೀಕ್ಷಿಸಬಹುದಲ್ಲವೇ? ಎರಡನೆಯದು ನನ್ನದೇ ವಿಷಯ. ನನಗೆ 45 ವರ್ಷ, ಯಾವ ತೊಂದರೆಯೂ ಇಲ್ಲ. ನಮ್ಮ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, 44ನೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಚಿಕಿತ್ಸೆಯಾಗಿ ಈಗ ಚೆನ್ನಾಗಿದ್ದಾರೆ. ಮುನ್ನೆಚ್ಚರಿಕೆಗೆಂದು ನಾನೂ ವರ್ಷಕ್ಕೊಮ್ಮೆ ಸಿಎ-125 ಮಾಡಿಸಿಕೊಳ್ಳಬೇಕೇ?

ಉತ್ತರ 4 (ಪ್ರಯೋಗಾಲಯದ ವೈದ್ಯೆ)

ನೀವು ಬರೆದಿರುವ ಸ್ಕ್ಯಾನ್ ವಿವರಣೆ, ವರ್ಷಗಳಿಂದ ಇರುವ ಮುಟ್ಟಿನ ನೋವು, ಮುಟ್ಟಿನ ದಿನ ತೆಗೆದ ರಕ್ತ, ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಯಾವ ಸ್ತ್ರೀರೋಗ ತಜ್ಞರಿಗೂ ಮೊದಲು ನೆನಪಾಗುವುದು ಎಂಡೋಮೆಟ್ರಿಯೋಸಿಸ್‌ನಿಂದ ಆಗುವ ಸಿಸ್ಟ್. ಅದರೊಳಗೆ ಹಳೆಯ ಕಂದು ರಕ್ತ ತುಂಬಿರುವುದರಿಂದ ಅದಕ್ಕೆ ಚಾಕೊಲೇಟ್ ಸಿಸ್ಟ್ ಎಂದೂ ಹೇಳುತ್ತಾರೆ. ನಾನು ಹಿಂದೆ ಹೇಳಿದ ಐದು ಲಕ್ಷಣಗಳಲ್ಲಿ ಒಂದೂ ಇಲ್ಲದ್ದರಿಂದ ಸ್ಕ್ಯಾನ್‌ನ ಅಂಕ 0, ಗುಣಲಬ್ಧವೂ 0. ಅಪಾಯವೇ ಇಲ್ಲ ಎಂಬುದು ಇದರ ಅರ್ಥವಲ್ಲ, ತುರ್ತಾಗಿ ಓಡಬೇಕಾಗಿಲ್ಲ ಎಂದಷ್ಟೇ ಅರ್ಥ. ಅಂತಿಮವಾಗಿ ಹೇಳಬೇಕಾದವರು ಅವಳನ್ನು ಪರೀಕ್ಷಿಸಿದ ವೈದ್ಯರೇ. ಅವರು ಎಚ್‌ಇ4 ಎಂಬ ಇನ್ನೊಂದು ಸೂಚಕವನ್ನು ಮಾಡಿಸಿ ಎನ್ನಬಹುದು. ಅದು ಎಂಡೋಮೆಟ್ರಿಯೋಸಿಸ್‌ನಲ್ಲಿ ಸಾಮಾನ್ಯವಾಗಿ ಏರುವುದಿಲ್ಲವಾದ್ದರಿಂದ ಇಂತಹ ಸಂದರ್ಭದಲ್ಲಿ ನೆರವಾಗುತ್ತದೆ, ಆದರೆ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅದೂ ಏರುತ್ತದೆ. ಸ್ಕ್ಯಾನ್‌ನಲ್ಲಿ ಅನುಮಾನದ ಲಕ್ಷಣಗಳಿದ್ದು ವಯಸ್ಸು 40ಕ್ಕಿಂತ ಕಡಿಮೆ ಇದ್ದರೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಪರೀಕ್ಷೆಗಳನ್ನೂ ಸೇರಿಸುತ್ತಾರೆ, ಏಕೆಂದರೆ ಚಿಕ್ಕ ವಯಸ್ಸಿನಲ್ಲಿ ಬರುವ ಅಂಡಾಶಯದ ಗಡ್ಡೆಗಳು ಬೇರೆ ಬಗೆಯವಾಗಿದ್ದು ಅವುಗಳಿಗೆ ಸಿಎ-125 ಸರಿಯಾದ ಸೂಚಕವಲ್ಲ.

ಸೂಜಿ ಹಾಕುವ ವಿಚಾರವನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಅಂಡಾಶಯದೊಳಗೆ ಮಾತ್ರ ಇರುವ ಗಡ್ಡೆ ಒಂದು ವೇಳೆ ಕ್ಯಾನ್ಸರ್ ಆಗಿದ್ದರೆ, ಅದನ್ನು ಚುಚ್ಚಿದಾಗ ದ್ರವ ಹೊಟ್ಟೆಯೊಳಗೆ ಸೋರಿ ಕೋಶಗಳು ಹರಡುವ ಅಪಾಯವಿದೆ, ಒಂದನೆಯ ಹಂತದೊಳಗೇ ರೋಗದ ದರ್ಜೆ ಮೇಲೇರುತ್ತದೆ. ಜೊತೆಗೆ ತೆಗೆದ ದ್ರವದಲ್ಲಿ ಕ್ಯಾನ್ಸರ್ ಕೋಶ ಕಾಣದಿದ್ದರೂ ರೋಗ ಇಲ್ಲ ಎನ್ನಲಾಗದು. ಅನುಮಾನ ಬಲವಾಗಿದ್ದರೆ ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆದು ಪರೀಕ್ಷಿಸುವುದೇ ಸರಿಯಾದ ಕ್ರಮ.

ನಿಮ್ಮ ಎರಡನೆಯ ಪ್ರಶ್ನೆ ಬಹಳ ಮಹತ್ವದ್ದು. ತೊಂದರೆ ಇಲ್ಲದವರು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿದರೆ ರೋಗವನ್ನು ಬೇಗ ಹಿಡಿದು ಜೀವ ಉಳಿಸಬಹುದಲ್ಲವೇ ಎಂಬ ಆಸೆ ವೈದ್ಯರಿಗೂ ಇತ್ತು. ಅದಕ್ಕಾಗಿಯೇ ಬ್ರಿಟನ್ನಿನಲ್ಲಿ 2001ರಿಂದ 50ರಿಂದ 74 ವರ್ಷದೊಳಗಿನ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಬೃಹತ್ ಅಧ್ಯಯನ ನಡೆಸಿದರು. 2021ರಲ್ಲಿ ಬಂದ ಅಂತಿಮ ಫಲಿತಾಂಶದಲ್ಲಿ, ಸಿಎ-125ರ ಏರಿಕೆಯನ್ನು ವರ್ಷವರ್ಷವೂ ಗಮನಿಸಿದ ಗುಂಪಿನಲ್ಲಿ ಕೆಲವು ಕ್ಯಾನ್ಸರ್‌ಗಳು ಮೊದಲಿನ ಹಂತಗಳಲ್ಲಿ ಪತ್ತೆಯಾದವು, ಆದರೆ ಈ ರೋಗದಿಂದ ಸಾಯುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನವೂ 2011ರಲ್ಲಿ ಇದನ್ನೇ ಹೇಳಿತ್ತು. ಅಲ್ಲಿ ಪರೀಕ್ಷೆ ತಪ್ಪಾಗಿ ಎಚ್ಚರಿಸಿದ್ದರಿಂದ ಸಾವಿರಕ್ಕೂ ಹೆಚ್ಚು ಮಹಿಳೆಯರು ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಗಂಭೀರ ತೊಡಕುಗಳಾದವು. ಕ್ಯಾನ್ಸರ್ ಇಲ್ಲದವರ ಹೊಟ್ಟೆಯನ್ನು ಒಂದು ಸಂಖ್ಯೆಗಾಗಿ ತೆರೆದದ್ದು ಅದು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆರೋಗ್ಯ ತಪಾಸಣೆಯ ಪ್ಯಾಕೇಜ್‌ಗಳಲ್ಲಿ ಈ ಪರೀಕ್ಷೆಯನ್ನು ಸೇರಿಸಿ ಮಾರುವುದನ್ನು ನಾನು ಒಪ್ಪುವುದಿಲ್ಲ. ಲಕ್ಷಣಗಳಿಲ್ಲದ, ವಿಶೇಷ ಅಪಾಯವಿಲ್ಲದ ನೀವು ಇದನ್ನು ಮಾಡಿಸಬೇಕಾಗಿಲ್ಲ.

ಆದರೆ ನಿಮ್ಮ ದೊಡ್ಡಮ್ಮನ ವಿಷಯವನ್ನು ಕಡೆಗಣಿಸಬೇಡಿ. ಐವತ್ತಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದರೆ ಅದು ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಎಂಬ ಜೀನ್‌ಗಳಲ್ಲಿನ ದೋಷದಿಂದ ಬಂದಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಹಿಳೆಯರಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಬಿಆರ್‌ಸಿಎ1 ದೋಷ ಇರುವವರಲ್ಲಿ ಅದು ನೂರಕ್ಕೆ ಸುಮಾರು 40ರಷ್ಟು. ಈ ಜೀನ್ ಪರೀಕ್ಷೆಯನ್ನು ಮೊದಲು ರೋಗ ಬಂದವರಲ್ಲಿ, ಅಂದರೆ ನಿಮ್ಮ ದೊಡ್ಡಮ್ಮನಲ್ಲಿ, ಮಾಡಿಸುವುದು ಕ್ರಮ. ಅವರಲ್ಲಿ ದೋಷ ಕಂಡರೆ ಅಮ್ಮನಿಗೆ, ಅಮ್ಮನಲ್ಲಿಯೂ ಕಂಡರೆ ನಿಮಗೂ ತಂಗಿಗೂ ಪರೀಕ್ಷೆ. ದೋಷ ಇದ್ದವರಿಗೂ ಸಿಎ-125 ರಕ್ಷಣೆ ಕೊಡುವುದಿಲ್ಲ; ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದರೆ 35ರಿಂದ 40ನೆಯ ವಯಸ್ಸಿನೊಳಗೆ, ಅಂಡಾಶಯ ಮತ್ತು ಗರ್ಭನಾಳಗಳನ್ನು ತೆಗೆಸಿಕೊಳ್ಳುವಂತೆ ಸಲಹೆ ಕೊಡುತ್ತಾರೆ. ನಿಮ್ಮ ವಯಸ್ಸು ಅದನ್ನು ದಾಟಿರುವುದರಿಂದ ದೊಡ್ಡಮ್ಮನೊಂದಿಗೆ ಈ ಮಾತನ್ನು ತಡಮಾಡದೆ ಆಡಿ.

ಮುಂದಿನ ವಾರ ತಂಗಿಯ ಜೊತೆ ಹೋಗುವಾಗ ಸ್ಕ್ಯಾನ್‌ನ ವರದಿಯನ್ನು ಮಾತ್ರವಲ್ಲದೆ ಚಿತ್ರಗಳನ್ನೂ, ರಕ್ತ ಕೊಟ್ಟ ದಿನಾಂಕವನ್ನೂ, ಕಳೆದ ಮುಟ್ಟಿನ ದಿನಾಂಕಗಳನ್ನೂ ಬರೆದುಕೊಂಡು ಹೋಗಿ. ಅವಳಿಗೆ ಮಕ್ಕಳು ಬೇಕೆಂಬ ಆಸೆ ಇದ್ದರೆ ಅದನ್ನು ಮೊದಲೇ ಹೇಳಲಿ. ಎಂಡೋಮೆಟ್ರಿಯೋಸಿಸ್ ಎಂದಾದರೆ ಔಷಧವೋ ಶಸ್ತ್ರಚಿಕಿತ್ಸೆಯೋ, ಯಾವಾಗ ಎಂಬುದೆಲ್ಲ ಆ ಒಂದು ಮಾತಿನ ಮೇಲೆ ಬದಲಾಗುತ್ತದೆ. ದೊಡ್ಡಮ್ಮನ ಕ್ಯಾನ್ಸರ್ ವಿಷಯವನ್ನೂ ಅವರಿಗೆ ತಿಳಿಸಿ. ಭೇಟಿಗೆ ಮುಂಚೆಯೇ ನೋವು ಇದ್ದಕ್ಕಿದ್ದಂತೆ ತಡೆಯಲಾಗದಷ್ಟು ಹೆಚ್ಚಾದರೆ ಅಥವಾ ವಾಂತಿ, ಜ್ವರ ಕಾಣಿಸಿಕೊಂಡರೆ, ಸಿಸ್ಟ್ ತಿರುಚಿಕೊಂಡಿರುವ ಅಥವಾ ಒಡೆದಿರುವ ಸಾಧ್ಯತೆ ಇರುವುದರಿಂದ ಭೇಟಿಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.